ಸಾಕ್ಷಿ ಕೇಳಿದ ಸರ್ಜನ್: ಇವಾರ್ಟ್ಸ್ ಗ್ರಹಾಂ ಮತ್ತು ಶ್ವಾಸಕೋಶದ ಕ್ಯಾನ್ಸರ್

ಸಿಗರೇಟು ಬಿಡಿ ಎಂದು ಯಾರಿಗಾದರೂ ಹೇಳಿ ನೋಡಿ. ಪ್ರಯೋಗಾಲಯದಲ್ಲಿ ಇಲಿಗೆ ಏನೋ ಆದರೆ ಮನುಷ್ಯನಿಗೂ ಹಾಗೇ ಆಗಬೇಕೆಂದೇನಿಲ್ಲ ಎಂಬ ಉತ್ತರ ಬರುವುದುಂಟು. ದಿನಕ್ಕೆ ಒಂದು ಕಟ್ಟು ಬೀಡಿ ಸೇದಿಯೂ ತೊಂಬತ್ತು ದಾಟಿದ ತಾತನೊಬ್ಬನ ಕಥೆಯೂ ಅದರ ಹಿಂದೆಯೇ ಬರುತ್ತದೆ.

ತಾತನ ಕಥೆಯ ವಿಷಯ ಬೇರೆ. ಆದರೆ ಇಲಿಯ ಬಗ್ಗೆ ಕೇಳುವ ಪ್ರಶ್ನೆಯನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಲಿಯ ಮೈಮೇಲೆ ಆದದ್ದು, ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶದಲ್ಲಿ ಕಂಡದ್ದು ಮನುಷ್ಯನ ಎದೆಯೊಳಗೂ ನಡೆಯುತ್ತದೆ ಎಂದು ವಿಜ್ಞಾನಿಗಳು ಯಾವ ಧೈರ್ಯದ ಮೇಲೆ ಹೇಳುತ್ತಾರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಒಬ್ಬ ವೈದ್ಯರ ಬದುಕನ್ನು ನೋಡಿದರೆ ಸಾಕು. ಅವರು ಶ್ವಾಸಕೋಶದ ಕ್ಯಾನ್ಸರ್‌ಗೆ ಚಿಕಿತ್ಸೆಯ ದಾರಿ ತೋರಿದವರು. ಸಿಗರೇಟಿನಿಂದ ಆ ಕ್ಯಾನ್ಸರ್ ಬರುತ್ತದೆ ಎಂಬ ಮಾತನ್ನು ಬಹುಕಾಲ ನಂಬದವರು. ಕೊನೆಗೆ ಅದನ್ನು ತಾವೇ ಸಾಧಿಸಿ ತೋರಿಸಿ, ಅದೇ ರೋಗದಿಂದ ತೀರಿಕೊಂಡವರು. ಅವರ ಹೆಸರು ಇವಾರ್ಟ್ಸ್ ಆಂಬ್ರೋಸ್ ಗ್ರಹಾಂ.

ನಾಯಿಯ ಎದೆ, ಸೈನಿಕನ ಎದೆ

ಗ್ರಹಾಂ ಹುಟ್ಟಿದ್ದು 1883ರ ಮಾರ್ಚ್ 19ರಂದು, ಅಮೆರಿಕದ ಶಿಕಾಗೊದಲ್ಲಿ. ತಂದೆಯೂ ಸರ್ಜನ್. ಮಗ ಪ್ರಿನ್ಸ್‌ಟನ್‌ನಲ್ಲಿ ಪದವಿ ಪಡೆದು, 1907ರಲ್ಲಿ ಶಿಕಾಗೊದ ರಷ್ ವೈದ್ಯಕೀಯ ಕಾಲೇಜಿನಿಂದ ವೈದ್ಯರಾಗಿ ಹೊರಬಂದರು. ಆ ಕಾಲದ ಬಹುತೇಕ ಸರ್ಜನ್‌ಗಳು ಕೈಚಳಕವಿದ್ದರೆ ಸಾಕು ಎಂದುಕೊಂಡಿದ್ದರು. ಗ್ರಹಾಂ ಹಾಗಲ್ಲ. ವೈದ್ಯರಾದ ಮೇಲೂ ರಸಾಯನಶಾಸ್ತ್ರ ಓದಿದರು. ಅವರು ಮದುವೆಯಾದ ಹೆಲೆನ್ ಟ್ರೆಡ್ವೇ ಕೂಡ ರಸಾಯನಶಾಸ್ತ್ರ ಓದಿದವರು, ಮುಂದೆ ಔಷಧಶಾಸ್ತ್ರದ ಪ್ರಾಧ್ಯಾಪಕಿಯಾದರು.

ಮೊದಲ ಮಹಾಯುದ್ಧದ ಕೊನೆಯ ವರ್ಷ 1918ರಲ್ಲಿ ಅಮೆರಿಕದ ಸೇನಾ ಶಿಬಿರಗಳಲ್ಲಿ ನ್ಯುಮೋನಿಯಾ ಹಬ್ಬಿತ್ತು. ಅನೇಕ ಸೈನಿಕರ ಎದೆಗೂಡಿನೊಳಗೆ, ಶ್ವಾಸಕೋಶದ ಸುತ್ತ, ಕೀವು ತುಂಬಿಕೊಳ್ಳುತ್ತಿತ್ತು. ಕೀವು ಕಂಡ ಕೂಡಲೇ ಎದೆ ಕೊಯ್ದು ಅದನ್ನು ಹೊರಗೆ ಹರಿಸಬೇಕು ಎಂಬುದು ಆಗಿನ ರೂಢಿ. ಹಾಗೆ ಕೊಯ್ಸಿಕೊಂಡ ಸೈನಿಕರು ಆತಂಕ ಹುಟ್ಟಿಸುವಷ್ಟು ಸಂಖ್ಯೆಯಲ್ಲಿ ಸಾಯುತ್ತಿದ್ದರು. ಇದರ ಕಾರಣ ಹುಡುಕಲು ಸೇನೆ ನೇಮಿಸಿದ ತಂಡದಲ್ಲಿ ಗ್ರಹಾಂ ಇದ್ದರು.

ಎರಡು ಶ್ವಾಸಕೋಶಗಳ ನಡುವಿನ ಭಾಗ ಗಟ್ಟಿ ಗೋಡೆಯಂತಿದೆ, ಒಂದು ಕಡೆ ತೂತು ಮಾಡಿದರೆ ಇನ್ನೊಂದು ಕಡೆಗೆ ತೊಂದರೆಯಿಲ್ಲ ಎಂದು ಆಗ ನಂಬಲಾಗಿತ್ತು. ಗ್ರಹಾಂ ಮತ್ತು ಅವರ ಸಹೋದ್ಯೋಗಿ ಇದನ್ನು ನಾಯಿಗಳಲ್ಲಿ ಪರೀಕ್ಷಿಸಿದರು. ಒಂದು ಕಡೆ ತೆರೆದರೆ ಎರಡೂ ಕಡೆಯ ಗಾಳಿಯ ಒತ್ತಡ ಬದಲಾಗುವುದು ಕಂಡಿತು. ಆದರೆ ನಾಯಿಯ ಎದೆ ಮನುಷ್ಯನ ಎದೆಯಲ್ಲವಲ್ಲ! ಹಾಗಾಗಿ ಅವರು ಅಲ್ಲಿಗೇ ನಿಲ್ಲಿಸದೆ ಮನುಷ್ಯರ ಶವಗಳಲ್ಲಿಯೂ ಅದನ್ನೇ ಅಳೆದು ನೋಡಿದರು. ಅಲ್ಲಿಯೂ ನಡುವಿನ ಗೋಡೆ ಮೆತ್ತಗೇ ಇತ್ತು. ರೋಗದ ಆರಂಭದಲ್ಲಿ ಎದೆ ತೆರೆಯಬಾರದು, ಸೂಜಿಯಿಂದ ಕೀವು ತೆಗೆಯುತ್ತಾ ಅದು ಗಟ್ಟಿಯಾಗುವವರೆಗೆ ಕಾಯಬೇಕು ಎಂದು ಅವರು ತೋರಿಸಿಕೊಟ್ಟರು. ಪದ್ಧತಿ ಬದಲಾದ ಮೇಲೆ ಸಾವು ಬಹಳಷ್ಟು ಕಡಿಮೆಯಾಯಿತು.

ಮೊದಲು ಪ್ರಾಣಿಯಲ್ಲಿ ನೋಡು, ಆಮೇಲೆ ಅದು ಮನುಷ್ಯನಿಗೆ ಹೊಂದುತ್ತದೆಯೇ ಎಂದು ಬೇರೆ ದಾರಿಯಿಂದ ಪರೀಕ್ಷಿಸು. ಗ್ರಹಾಂ ಅವರಿಗೆ ಈ ಪಾಠ ಸಿಕ್ಕಿದ್ದು ಅಲ್ಲಿ. 1919ರಲ್ಲಿ ಅವರು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾದರು. ಅಲ್ಲಿನ ಬಾರ್ನ್ಸ್ ಆಸ್ಪತ್ರೆಯೇ ಮುಂದೆ 30 ವರ್ಷಕ್ಕೂ ಹೆಚ್ಚು ಕಾಲ ಅವರ ಕರ್ಮಭೂಮಿ. 1924ರಲ್ಲಿ ವಾರೆನ್ ಕೋಲ್ ಜೊತೆ ಸೇರಿ, ಪಿತ್ತಕೋಶವನ್ನು ಎಕ್ಸ್-ರೇಯಲ್ಲಿ ಕಾಣುವಂತೆ ಮಾಡುವ ವಿಧಾನ ಕಂಡುಹಿಡಿದದ್ದೂ ಅಲ್ಲಿಯೇ. ಅದನ್ನೂ ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆ.

ಒಂದು ಶ್ವಾಸಕೋಶ ತೆಗೆದ ದಿನ

1933ರಲ್ಲಿ ಪಿಟ್ಸ್‌ಬರ್ಗ್‌ನ 48 ವರ್ಷದ ಪ್ರಸೂತಿ ತಜ್ಞ ಡಾ. ಜೇಮ್ಸ್ ಗಿಲ್ಮೋರ್ ಗ್ರಹಾಂ ಅವರ ಬಳಿ ಬಂದರು. ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇತ್ತು. ಆಗ ಈ ರೋಗ ಬಂದರೆ ಬದುಕುವ ಆಸೆ ಬಿಟ್ಟಂತೆಯೇ. ಏಪ್ರಿಲ್ 5ರಂದು ಗ್ರಹಾಂ ಎದೆ ತೆರೆದಾಗ, ಅಂದುಕೊಂಡಂತೆ ಶ್ವಾಸಕೋಶದ ಒಂದು ಭಾಗವನ್ನಷ್ಟೇ ತೆಗೆದರೆ ಗೆಡ್ಡೆ ಪೂರ್ತಿ ಹೋಗುವುದಿಲ್ಲ ಎಂದು ತಿಳಿಯಿತು. ಅಲ್ಲೇ, ಆಗಲೇ ನಿರ್ಧಾರ ತೆಗೆದುಕೊಳ್ಳಬೇಕಿತ್ತು. ಅವರು ಇಡೀ ಎಡ ಶ್ವಾಸಕೋಶವನ್ನು ತೆಗೆದುಬಿಟ್ಟರು. ಖಾಲಿಯಾದ ಜಾಗ ಕುಗ್ಗಲೆಂದು ಕೆಲವು ಪಕ್ಕೆಲುಬುಗಳನ್ನೂ ತೆಗೆದರು.

ರೋಗಿ ಬದುಕಿದರು. ಕ್ಯಾನ್ಸರ್‌ಗಾಗಿ ಒಂದಿಡೀ ಶ್ವಾಸಕೋಶವನ್ನು ಒಂದೇ ಬಾರಿಗೆ ತೆಗೆದು ಯಶಸ್ವಿಯಾದ ಮೊದಲ ಶಸ್ತ್ರಚಿಕಿತ್ಸೆ ಇದು. ಗಿಲ್ಮೋರ್ ತಮ್ಮ ವೃತ್ತಿಗೆ ಮರಳಿದರು, ಒಂದೇ ಶ್ವಾಸಕೋಶದಲ್ಲಿ ಇನ್ನೂ ಸುಮಾರು 30 ವರ್ಷ ಬಾಳಿದರು. ಗ್ರಹಾಂ ಹೆಸರು ಜಗತ್ತಿಗೆಲ್ಲ ಗೊತ್ತಾಯಿತು. ಆ ಹೊತ್ತಿನಲ್ಲೂ ಅವರ ಬೆರಳುಗಳ ನಡುವೆ ಸಿಗರೇಟು ತಪ್ಪುತ್ತಿರಲಿಲ್ಲ.

ನೈಲಾನ್ ಕಾಲುಚೀಲದ ವಾದ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಬಲು ಅಪರೂಪ. ಗ್ರಹಾಂ ಅವರ ವಿಶ್ವವಿದ್ಯಾಲಯದಲ್ಲೇ ಓದಿದ ಆಲ್ಟನ್ ಆಕ್ಸ್‌ನರ್ ಎಂಬ ಸರ್ಜನ್ ವಿದ್ಯಾರ್ಥಿಯಾಗಿದ್ದಾಗ, 1919ರಲ್ಲಿ, ಇಂಥದ್ದೊಂದು ಶವಪರೀಕ್ಷೆ ನಡೆಯಿತು. ಇದನ್ನು ಜೀವಮಾನದಲ್ಲಿ ಮತ್ತೆ ನೋಡದೆಯೂ ಇರಬಹುದು ಎಂದು ಮೇಷ್ಟ್ರು ಇಡೀ ತರಗತಿಯನ್ನು ಕರೆದು ತೋರಿಸಿದ್ದರಂತೆ. ಆಕ್ಸ್‌ನರ್ ಮುಂದಿನ ರೋಗಿಯನ್ನು ನೋಡಿದ್ದು 1936ರಲ್ಲಿ. ಆದರೆ ಆಗ ಆರು ತಿಂಗಳಲ್ಲಿ ಒಬ್ಬರಲ್ಲ, ಒಂಬತ್ತು ಜನ ಬಂದರು. ಎಲ್ಲರೂ ಗಂಡಸರು, ಎಲ್ಲರೂ ಸಿಗರೇಟು ಸೇದುವವರು, ಮೊದಲ ಮಹಾಯುದ್ಧದ ಕಾಲದಲ್ಲಿ ಚಟ ಹಚ್ಚಿಕೊಂಡವರು.

ಆಕ್ಸ್‌ನರ್ ಸಿಗರೇಟಿನ ಕಡೆ ಬೆರಳು ತೋರಿಸಿದರು. ಗ್ರಹಾಂ ಒಪ್ಪಲಿಲ್ಲ. ಸಿಗರೇಟು ಮಾರಾಟ ಏರಿದಂತೆ ಕ್ಯಾನ್ಸರ್ ಏರಿರುವುದು ನಿಜ, ಆದರೆ ನೈಲಾನ್ ಕಾಲುಚೀಲಗಳ ಮಾರಾಟವೂ ಏರಿದೆಯಲ್ಲ ಎಂದು ಚಟಾಕಿ ಹಾರಿಸಿದರು.

ತಮಾಷೆಯಾಗಿ ಹೇಳಿದರೂ ಅದರೊಳಗೊಂದು ಸರಿಯಾದ ತರ್ಕವಿತ್ತು. ಎರಡು ಸಂಗತಿಗಳು ಒಟ್ಟಿಗೆ ಹೆಚ್ಚಿದವು ಎಂದಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ. ಸೇದುವ ಅಭ್ಯಾಸವಿದ್ದ ಮನಸ್ಸಿಗೆ ಈ ತರ್ಕ ಅನುಕೂಲವೂ ಆಗಿತ್ತು ಎನ್ನುವುದನ್ನೂ ಮರೆಯಬಾರದು.

684 ರೋಗಿಗಳು ಹೇಳಿದ್ದು

1940ರ ದಶಕದ ಕೊನೆಗೆ ಅರ್ನ್‌ಸ್ಟ್ ವಿಂಡರ್ ಎಂಬ ವೈದ್ಯಕೀಯ ವಿದ್ಯಾರ್ಥಿ ಗ್ರಹಾಂ ಅವರನ್ನು ಕಂಡರು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿ, ಅವರು ಎಷ್ಟು ಸೇದುತ್ತಿದ್ದರು ಎಂದು ಬರೆದುಕೊಳ್ಳಬೇಕು, ಬೇರೆ ಕಾಯಿಲೆಯವರೊಂದಿಗೆ ಹೋಲಿಸಬೇಕು ಎಂಬುದು ಅವರ ಯೋಜನೆ. ಗ್ರಹಾಂಗೆ ಫಲಿತಾಂಶದ ಮೇಲೆ ನಂಬಿಕೆಯಿರಲಿಲ್ಲ. ಆದರೂ ಬೇಡ ಎನ್ನಲಿಲ್ಲ. ತಮ್ಮ ವಾರ್ಡಿನ ಬಾಗಿಲು ತೆರೆದರು, ತಮ್ಮ ಹೆಸರನ್ನೂ ಕೊಟ್ಟರು.

1950ರ ಮೇ ತಿಂಗಳಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿ ಬಂತು. ಖಚಿತಪಟ್ಟ 684 ರೋಗಿಗಳ ಅಧ್ಯಯನ ಅದು. ಅವರಲ್ಲಿ, ಅಡಿನೋಕಾರ್ಸಿನೋಮಾ ಎಂಬ ಒಂದು ಬಗೆಯನ್ನು ಬಿಟ್ಟು ಉಳಿದ ಬಗೆಯ ಶ್ವಾಸಕೋಶದ ಕ್ಯಾನ್ಸರ್ ಇದ್ದ 605 ಗಂಡಸರಲ್ಲಿ ಶೇ. 96.5ರಷ್ಟು ಮಂದಿ ಹಲವು ವರ್ಷಗಳಿಂದ ಸಾಕಷ್ಟು ಅಥವಾ ವಿಪರೀತ ಸೇದುವವರಾಗಿದ್ದರು. ಆಸ್ಪತ್ರೆಯ ಇತರ ಗಂಡಸು ರೋಗಿಗಳಲ್ಲಿ ಈ ಪ್ರಮಾಣ ಶೇ. 73.7. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳಲ್ಲಿ ಬೇರೆಯಾಗಿ ನಡೆಸಿದ ಅಧ್ಯಯನವೂ ಅದನ್ನೇ ಹೇಳಿತು.

ತಮ್ಮ ಊಹೆ ತಪ್ಪಾಗಿತ್ತು ಎಂದು ಗ್ರಹಾಂ ಒಪ್ಪಿಕೊಂಡರು. 1950ರ ದಶಕದ ಆರಂಭದಲ್ಲೇ ಸಿಗರೇಟು ಬಿಟ್ಟರು. ಅಷ್ಟರಲ್ಲಿ ಅವರು ಸುಮಾರು 50 ವರ್ಷ ಸೇದಿದ್ದರು.

ಸಿಗರೇಟು ಸೇದುವ ಯಂತ್ರ

ಆದರೆ ಅನುಮಾನ ಪಡುವವರ ಬಾಯಿ ಮುಚ್ಚಲಿಲ್ಲ. ಇದೆಲ್ಲ ಬರೀ ಅಂಕಿಸಂಖ್ಯೆ, ಸಿಗರೇಟಿನ ಹೊಗೆಯಲ್ಲಿ ಕ್ಯಾನ್ಸರ್ ತರುವಂಥದ್ದೇನಾದರೂ ಇದೆಯೇ, ಇದ್ದರೆ ತೋರಿಸಿ ಎಂದರು. ಗ್ರಹಾಂ ಅವರಿಗೂ ಈ ಪ್ರಶ್ನೆ ಮುಖ್ಯ ಎನ್ನಿಸಿತ್ತು.

ಇದಕ್ಕೊಂದು ಹಳೆಯ ದಾರಿ ಇತ್ತು. 1915ರಲ್ಲಿ ಜಪಾನಿನ ಕತ್ಸುಸಬುರೊ ಯಮಾಗಿವಾ ಮತ್ತು ಕೊಯಿಚಿ ಇಚಿಕಾವಾ, ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಹಚ್ಚಿ ಕ್ಯಾನ್ಸರ್ ಬರಿಸಿದ್ದರು. ರಾಸಾಯನಿಕದಿಂದ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಉಂಟುಮಾಡಿದ್ದು ಅದೇ ಮೊದಲು. 1930ರ ದಶಕದಲ್ಲಿ ಅರ್ಜೆಂಟೀನಾದ ಆಂಗೆಲ್ ರೋಫೊ ತಂಬಾಕಿನ ಟಾರ್ ಹಚ್ಚಿ ನೋಡಿದ್ದರು. ಆದರೆ ಅವರು ತಂಬಾಕನ್ನು ಸುಟ್ಟ ಶಾಖ ಸಿಗರೇಟಿನ ಶಾಖಕ್ಕಿಂತ ಹೆಚ್ಚು ಎಂಬ ಟೀಕೆ ಬಂದಿತ್ತು.

ಹಾಗಾಗಿ ವಿಂಡರ್, ಗ್ರಹಾಂ ಮತ್ತು ಅಡೆಲ್ ಕ್ರೋನಿಂಜರ್ ಸಿಗರೇಟು ಸೇದುವ ಯಂತ್ರವನ್ನೇ ಬಳಸಿದರು. ಮನುಷ್ಯ ಎಳೆಯುವ ಹಾಗೆ ಅದು ಸಿಗರೇಟಿನಿಂದ ಹೊಗೆ ಎಳೆಯುತ್ತಿತ್ತು. ಹೊಗೆಯನ್ನು ತಣಿಸಿದಾಗ ಕಂದು ಬಣ್ಣದ ಅಂಟು ಉಳಿಯುತ್ತದೆ, ಅದೇ ಟಾರ್. ಅದನ್ನು ಅಸಿಟೋನ್‌ನಲ್ಲಿ, ಅಂದರೆ ಉಗುರುಬಣ್ಣ ತೆಗೆಯಲು ಬಳಸುವಂಥ ದ್ರವದಲ್ಲಿ, ಕರಗಿಸಿದರು. ಕೂದಲು ತೆಗೆದ ಇಲಿಗಳ ಬೆನ್ನಿಗೆ ವಾರಕ್ಕೆ ಮೂರು ಸಲ ಹಚ್ಚಿದರು. ಇನ್ನೊಂದು ಗುಂಪಿನ ಇಲಿಗಳಿಗೆ ಟಾರ್ ಇಲ್ಲದ ಬರೀ ಅಸಿಟೋನ್ ಹಚ್ಚಿದರು.

ಇದಕ್ಕೆ ತುಂಬಾ ತಾಳ್ಮೆ ಬೇಕಿತ್ತು. ಕ್ಯಾನ್ಸರ್ ಕಾಣಿಸಿಕೊಳ್ಳಲು ಸರಾಸರಿ 71 ವಾರ ಹಿಡಿಯಿತು. ಸುಮಾರು ಎರಡು ವರ್ಷ ಬದುಕುವ ಇಲಿಗೆ ಅದು ಅರ್ಧ ಆಯುಸ್ಸಿಗಿಂತ ಹೆಚ್ಚು. ಇಲಿಯಲ್ಲೂ ಈ ರೋಗ ನಿಧಾನವಾಗಿಯೇ ಬಂತು! ಟಾರ್ ಹಚ್ಚಿಸಿಕೊಂಡ 81 ಇಲಿಗಳಲ್ಲಿ ಶೇ. 44ಕ್ಕೆ ಚರ್ಮದ ಕ್ಯಾನ್ಸರ್ ಬಂತು. ಬರೀ ಅಸಿಟೋನ್ ಹಚ್ಚಿಸಿಕೊಂಡ ಒಂದು ಇಲಿಗೂ ಬರಲಿಲ್ಲ.

ಈ ವರದಿ 1953ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅದೇ ತಿಂಗಳು ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳ ಮುಖ್ಯಸ್ಥರು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿದರು. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅವರ ಜಾಹೀರಾತು ಬಂತು. ಇಲಿಗಳ ಮೇಲಿನ ಪ್ರಯೋಗವನ್ನು ಪ್ರಸ್ತಾಪಿಸಿ, ಅದರಿಂದ ಏನೂ ಖಚಿತವಾಗಿಲ್ಲ ಎಂಬುದು ಅದರ ಸಾರ. ನಮ್ಮ ಕಟ್ಟೆಯ ಮೇಲಿನ ವಾದಕ್ಕೆ ಇಷ್ಟು ವಯಸ್ಸಾಗಿದೆ.

ಇಲಿಯ ಬೆನ್ನು ಏನು ಹೇಳುತ್ತದೆ, ಏನು ಹೇಳುವುದಿಲ್ಲ?

ಇಲಿಯ ಬೆನ್ನು ಮನುಷ್ಯನ ಶ್ವಾಸಕೋಶವಲ್ಲ. ಇದು ಗ್ರಹಾಂ ಅವರಿಗೆ ಕಂಪನಿಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಪ್ರಯೋಗ ಉತ್ತರಿಸಿದ್ದು ಒಂದೇ ಪ್ರಶ್ನೆಗೆ: ಸಿಗರೇಟಿನ ಟಾರ್‌ನಲ್ಲಿ ಜೀವಂತ ಅಂಗಾಂಶವನ್ನು ಕ್ಯಾನ್ಸರ್ ಆಗಿಸುವ ವಸ್ತು ಇದೆಯೇ? ಇದೆ. ಆದರೆ ಎಷ್ಟು ಸಿಗರೇಟಿಗೆ ಎಷ್ಟು ಅಪಾಯ, ಯಾರಿಗೆ ಬರುತ್ತದೆ ಎಂಬುದನ್ನು ಇಲಿ ಹೇಳಲಾರದು. ಅದನ್ನು ಹೇಳಿದ್ದು ಮನುಷ್ಯರ ಅಧ್ಯಯನಗಳು.

ಹಾಗಾದರೆ ಇಲಿಗಳಿಗೆ ಹೊಗೆಯನ್ನೇ ಉಸಿರಾಡಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಯತ್ನಗಳು ನಡೆದವು. ಆದರೆ ಇಲಿ ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಅದರ ಮೂಗಿನ ಸುರುಳಿ ದಾರಿಯಲ್ಲೇ ಹೊಗೆಯ ಬಹಳಷ್ಟು ಕಣಗಳು ಸಿಕ್ಕಿಕೊಳ್ಳುತ್ತವೆ. ಮನುಷ್ಯನ ಹಾಗೆ ಬಾಯಿಂದ ದಮ್ಮು ಎಳೆದು ಎದೆಯಾಳಕ್ಕೆ ಇಳಿಸಿಕೊಳ್ಳುವುದು ಅದಕ್ಕೆ ಬರುವುದಿಲ್ಲ. ಇದೇ ಅಡ್ಡಿಯನ್ನು ದಾಟಲು ಆಸ್ಕರ್ ಔರ್‌ಬಾಕ್ ಮತ್ತು ಕೈಲರ್ ಹ್ಯಾಮಂಡ್ ಮುಂದೆ ಬೀಗಲ್ ನಾಯಿಗಳ ಗಂಟಲಿನ ಕೆಳಗೆ ಶ್ವಾಸನಾಳಕ್ಕೆ ತೂತು ಮಾಡಿ ಹೊಗೆ ಕೊಟ್ಟರು. ಕೆಲವು ನಾಯಿಗಳ ಶ್ವಾಸಕೋಶದಲ್ಲಿ ಗೆಡ್ಡೆಗಳು ಬೆಳೆದದ್ದನ್ನು 1970ರಲ್ಲಿ ವರದಿ ಮಾಡಿದರು. ಅದು ಬೇರೆ ರೀತಿಯ ಮಿತಿಯಿದ್ದ, ನೋಡಲೂ ಸಂಕಟವಾಗುವ ಪ್ರಯೋಗ.

ಗ್ರಹಾಂ ತಮ್ಮ ಕಡೆಯಿಂದ ಇನ್ನೊಂದು ಹೆಜ್ಜೆ ಇಟ್ಟಿದ್ದರು. ಒಂದೇ ಜಾತಿಯ ಪ್ರಾಣಿಯಲ್ಲಿ ಕಂಡದ್ದು ಆ ಜಾತಿಯ ವಿಚಿತ್ರವೂ ಆಗಿರಬಹುದಲ್ಲವೇ? ಅದಕ್ಕಾಗಿ ಮೊಲಗಳ ಮೇಲೂ ಸಿಗರೇಟಿನ ಟಾರ್ ಪರೀಕ್ಷಿಸಿದರು. ಅಲ್ಲಿಯೂ ಕ್ಯಾನ್ಸರ್ ಬಂತು. ಆ ವರದಿ 1957ರಲ್ಲಿ ಪ್ರಕಟವಾಯಿತು.

1957

ಆ ವರ್ಷದ ಆರಂಭದಲ್ಲಿ ಗ್ರಹಾಂ ಅವರಿಗೆ ಫ್ಲೂ ರೀತಿಯ ಲಕ್ಷಣಗಳು ಕಾಣಿಸಿಕೊಂಡವು. ಎಕ್ಸ್-ರೇ ತೆಗೆಸಿದಾಗ ಎರಡೂ ಶ್ವಾಸಕೋಶಗಳಲ್ಲಿ ಕ್ಯಾನ್ಸರ್ ಇತ್ತು. ಸಾವಿರಾರು ಎಕ್ಸ್-ರೇ ನೋಡಿದ ಕಣ್ಣಿಗೆ ಅದರ ಅರ್ಥ ಯಾರೂ ಹೇಳಬೇಕಿರಲಿಲ್ಲ. ಒಂದು ಶ್ವಾಸಕೋಶ ತೆಗೆದರೆ ಇನ್ನೊಂದರಲ್ಲಿ ಬದುಕಬಹುದು ಎಂದು ಜಗತ್ತಿಗೆ ತೋರಿಸಿದವರು ಅವರೇ. ಎರಡರಲ್ಲೂ ರೋಗವಿದ್ದಾಗ ಆ ಶಸ್ತ್ರಚಿಕಿತ್ಸೆ ಅವರ ಪಾಲಿಗೇ ಒದಗಲಿಲ್ಲ. ನೈಟ್ರೋಜನ್ ಮಸ್ಟರ್ಡ್ ಎಂಬ ಅಂದಿನ ಕೀಮೋಥೆರಪಿ ಔಷಧವೂ ಕೈಹಿಡಿಯಲಿಲ್ಲ.

ಹಿಂದೆ ಯಾರ ಮಾತಿಗೆ ಕಾಲುಚೀಲದ ಚಟಾಕಿ ಹಾರಿಸಿದ್ದರೋ ಆ ಆಕ್ಸ್‌ನರ್‌ಗೆ ಗ್ರಹಾಂ ಪತ್ರ ಬರೆದು ತಮ್ಮ ಕಾಯಿಲೆಯ ವಿಷಯ ತಿಳಿಸಿದರು. ಸಿಗರೇಟು ಬಿಟ್ಟು ಐದು ವರ್ಷ ದಾಟಿದ್ದರೂ, ಅದಕ್ಕೂ ಮೊದಲು ಸೇದಿದ್ದು ಅರ್ಧ ಶತಮಾನ ಎಂಬುದನ್ನು ಅದರಲ್ಲಿ ನೆನಪಿಸಿಕೊಂಡರು. 1957ರ ಮಾರ್ಚ್ 4ರಂದು, ತಾವು ದುಡಿದ ಬಾರ್ನ್ಸ್ ಆಸ್ಪತ್ರೆಯಲ್ಲೇ ತೀರಿಕೊಂಡರು. 74 ತುಂಬಲು ಎರಡು ವಾರ ಬಾಕಿ ಇತ್ತು. ಅವರು ಶ್ವಾಸಕೋಶ ತೆಗೆದಿದ್ದ ಗಿಲ್ಮೋರ್ ಆಗ ಇನ್ನೂ ಬದುಕಿದ್ದರು.

ಗಾಜಿನ ತಟ್ಟೆಯ ಸಾಕ್ಷಿ

ಗ್ರಹಾಂ ತೀರಿಕೊಂಡ ವರ್ಷವೇ ಔರ್‌ಬಾಕ್ ಮತ್ತೊಂದು ಅಧ್ಯಯನ ಪ್ರಕಟಿಸಿದ್ದರು. ಸತ್ತವರ ಶ್ವಾಸನಾಳಗಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಹೆಚ್ಚು ಸೇದಿದವರ ಒಳಪದರದಲ್ಲಿ ಕ್ಯಾನ್ಸರ್‌ಗೆ ಮೊದಲಿನ ಬದಲಾವಣೆಗಳು ಹೆಚ್ಚಾಗಿದ್ದವು. ಅಂದರೆ, ಕ್ಯಾನ್ಸರ್ ಬಾರದೆ ಸತ್ತವರಲ್ಲೂ ಅದರ ದಾರಿಯ ಗುರುತುಗಳು ಕಂಡಿದ್ದವು.

ಇನ್ನೊಂದು ಕೊಂಡಿ ಸಿಕ್ಕಿದ್ದು 1996ರಲ್ಲಿ. ಸಿಗರೇಟಿನ ಹೊಗೆಯಲ್ಲಿ ಬೆಂಜೊಪೈರೀನ್ ಎಂಬ ವಸ್ತುವಿದೆ. ನಮ್ಮ ದೇಹ ಅದನ್ನು ಹೊರಹಾಕಲು ಹೋಗಿ ಇನ್ನೂ ಅಪಾಯಕಾರಿಯಾದ ರೂಪಕ್ಕೆ ಬದಲಾಯಿಸುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಮನುಷ್ಯನ ಶ್ವಾಸನಾಳದ ಜೀವಕೋಶಗಳಿಗೆ ವಿಜ್ಞಾನಿಗಳು ಆ ರೂಪವನ್ನು ಹಾಕಿದರು. ಅದು ಪಿ53 ಎಂಬ ಜೀನ್‌ನ 157, 248 ಮತ್ತು 273ನೆಯ ಜಾಗಗಳಿಗೆ ಹೆಚ್ಚಾಗಿ ಅಂಟಿಕೊಂಡಿತು. ಜೀವಕೋಶ ಅಂಕೆಮೀರಿ ಬೆಳೆಯದಂತೆ ತಡೆಯುವ ಜೀನ್ ಅದು. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಗೆಡ್ಡೆಗಳಲ್ಲಿ ಈ ಜೀನ್ ಪದೇ ಪದೇ ಕೆಟ್ಟಿರುವುದು ಕೂಡ ಅವೇ ಜಾಗಗಳಲ್ಲಿ! ತಟ್ಟೆಯ ಗುರುತು, ರೋಗಿಯ ಎದೆಯ ಗುರುತು ಎರಡೂ ಹೊಂದಿದವು.

ಈಗ ವಿಜ್ಞಾನಿಗಳ ಬಳಿ ಬೇರೆ ಸಾಧನಗಳಿವೆ. ಬೇಕಾದ ಜೀನ್ ತಿದ್ದಿ ಶ್ವಾಸಕೋಶದಲ್ಲೇ ಕ್ಯಾನ್ಸರ್ ಬರುವಂತೆ ಮಾಡಿದ ಇಲಿಗಳಿವೆ. ರೋಗಿಯ ಗೆಡ್ಡೆಯ ಚೂರಿನಿಂದ ಬೆಳೆಸುವ ಪುಟ್ಟ ಗೋಲಿಯಂಥ ಆರ್ಗನಾಯ್ಡ್‌ಗಳಿವೆ. 2010ರಲ್ಲಿ ಹಾರ್ವರ್ಡ್‌ನ ತಂಡವೊಂದು ಉಸಿರಾಟದಂತೆ ಹಿಗ್ಗಿ ಕುಗ್ಗುವ, ಬೆರಳುದ್ದದ ಶ್ವಾಸಕೋಶದ ಚಿಪ್ ತೋರಿಸಿತು. ಪ್ರತಿಯೊಂದಕ್ಕೂ ಅದರದ್ದೇ ಮಿತಿ ಇದೆ. ತಟ್ಟೆಯ ಜೀವಕೋಶ ಮನುಷ್ಯನದ್ದೇ ಆದರೂ ಅದರ ಸುತ್ತ ರಕ್ತನಾಳವಿಲ್ಲ, ರೋಗನಿರೋಧಕ ವ್ಯವಸ್ಥೆಯಿಲ್ಲ. ಇಲಿಯಲ್ಲಿ ಇವೆಲ್ಲ ಇವೆ, ಆದರೆ ಅದು ಮನುಷ್ಯನಲ್ಲ. ಮನುಷ್ಯರ ಅಧ್ಯಯನದಲ್ಲಿ ಮನುಷ್ಯನೇ ಇದ್ದಾನೆ, ಆದರೆ ಅವನನ್ನು ಪಂಜರದಲ್ಲಿಟ್ಟು ಪ್ರಯೋಗ ಮಾಡುವಂತಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬೇರೆ ಬೇರೆ ದಾರಿಯಲ್ಲಿ ಹೊರಟವರೆಲ್ಲ ಒಂದೇ ಊರು ತಲುಪಿದರೆ ಆ ಊರು ಅಲ್ಲಿರುವುದು ನಿಜ ಎಂದು ನಂಬಬಹುದು.

ಹಾಗಾಗಿ ಇಲಿಗೆ ಆದದ್ದು ನನಗೇಕೆ ಆಗಬೇಕು ಎಂದು ಕೇಳುವವರಿಗೆ ಉತ್ತರ ಇಷ್ಟೇ. ನಾವು ಇಲಿಯೊಂದನ್ನೇ ನಂಬಿ ಕೂತಿಲ್ಲ. ತೊಂಬತ್ತು ದಾಟಿದ ತಾತ ಒಬ್ಬರೇ ಒಬ್ಬರು, ಮೊದಲೇ ತೀರಿಕೊಂಡವರು ಕಟ್ಟೆಯ ಮೇಲೆ ಕೂತು ಕಥೆ ಹೇಳಲಾರರು. ಬೀಡಿಯಲ್ಲಿ ಕಾಗದವಿಲ್ಲ, ಎಲೆಯಿದೆ ಎಂಬ ಸಮಾಧಾನವೂ ಬೇಡ. ಅದರ ಹೊಗೆಯಲ್ಲೂ ಟಾರ್ ಇದೆ, ಅದರಿಂದಲೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ.

ಬಿಟ್ಟ ಮೇಲೂ ಗ್ರಹಾಂಗೆ ರೋಗ ಬಂತಲ್ಲ, ಹಾಗಾದರೆ ಬಿಡುವುದೇಕೆ ಎಂದುಕೊಳ್ಳಬೇಡಿ. ಬಿಟ್ಟ ದಿನದಿಂದ ಅಪಾಯ ಇಳಿಯತೊಡಗುತ್ತದೆ, ಹತ್ತು ಹದಿನೈದು ವರ್ಷಗಳಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಗ್ರಹಾಂ ಬಿಟ್ಟಾಗ ಅವರಿಗೆ ಎಪ್ಪತ್ತರ ಹತ್ತಿರ. ಅವರ ಕಾಲದಲ್ಲಿ ಸಾಕ್ಷಿ ಇನ್ನೂ ಪೂರ್ತಿ ಸಿಕ್ಕಿರಲಿಲ್ಲ, ಅದನ್ನು ಅವರೇ ಹುಡುಕಬೇಕಾಯಿತು. ನಮಗೆ ಆ ಕಷ್ಟವಿಲ್ಲ.